ಆನ್‌ಲೈನ್ ಡಿಗ್ರಿಗೂ ಪಕ್ಕದೂರಿನ ಸಹಪಾಠಿ ಬೇಕು

ಆನ್‌ಲೈನ್ ಡಿಗ್ರಿ ಕೊಡುವ ವಿಶ್ವವಿದ್ಯಾಲಯದ ಹತ್ತಿರ ನಮ್ಮೆಲ್ಲರ ವಿಳಾಸ ಇರುತ್ತೆ, ಪಿನ್ ಕೋಡ್ ಸಮೇತ. ಯಾವ ತಾಲೂಕಿನಿಂದ ಯಾರು ಯಾವ ಕೋರ್ಸಿಗೆ ಸೇರಿದ್ದಾರೆ ಅನ್ನೋದನ್ನ ಹುಡುಕಿ ತೆಗೆಯೋಕೆ ಅವರಿಗೆ ಹೆಚ್ಚು ಹೊತ್ತು ಬೇಡ. ಆದರೆ ಆ ಮಾಹಿತಿ ನಮಗೆ ಸಿಗೋದೇ ಇಲ್ಲ. ನಾನು ಶಿರಸಿಯಲ್ಲಿ ಕೆಲಸ ಮಾಡ್ತಾ ಎಂ.ಕಾಂ ಓದ್ತಿದ್ದೀನಿ. ನಮ್ಮದೇ ತಾಲೂಕಿನ ಬನವಾಸಿಯಲ್ಲಿ ಇನ್ನೊಬ್ಬರು ಅದೇ ಪುಸ್ತಕ ಹಿಡಿದು ಕೂತಿದ್ದಾರೆ ಅಂತ ತಿಳಿದಿದ್ದು ಮೊದಲ ವರ್ಷದ ಪರೀಕ್ಷೆಗೆ ಹುಬ್ಬಳ್ಳಿಗೆ ಹೋದಾಗ, ಹಾಲ್ ಟಿಕೆಟ್ ಹಿಡಿದು ಗೇಟಿನ ಹತ್ತಿರ ನಿಂತಿದ್ದಾಗ. ಇಡೀ ವರ್ಷ ಇಬ್ಬರೂ ಒಂಟಿಯಾಗಿ ಒದ್ದಾಡಿದ್ದೆವು.

ಈ ಒಂಟಿತನದ ಬಗ್ಗೆ ಯಾರೂ ಗಂಭೀರವಾಗಿ ಮಾತಾಡ್ತಿಲ್ಲ. ವಿಡಿಯೋ ಕ್ವಾಲಿಟಿ, ಆಪ್, ಸರ್ವರ್ ಬಗ್ಗೆ ಮಾತಾಡ್ತಾರೆ. ಓದು ಅರ್ಧಕ್ಕೆ ಬಿಟ್ಟವರನ್ನ ಕೇಳಿ ನೋಡಿ. "ಪಾಠ ಅರ್ಥ ಆಗಲಿಲ್ಲ" ಅನ್ನೋದಕ್ಕಿಂತ "ಯಾಕೋ ಬಿಟ್ಟುಹೋಯ್ತು" ಅನ್ನುವವರೇ ಜಾಸ್ತಿ. ಇವತ್ತು ಓದಿಲ್ವಾ ಅಂತ ಕೇಳೋ ಒಬ್ಬ ಮನುಷ್ಯ ಇಲ್ಲದಿದ್ದರೆ ಓದು ಹಾಗೇ ಬಿಟ್ಟುಹೋಗುತ್ತೆ.

ವಾಟ್ಸಾಪ್ ಗ್ರೂಪ್ ಇದೆಯಲ್ಲ ಅನ್ನಬಹುದು. ಇದೆ. ನೂರಾರು ಜನ ಇದ್ದಾರೆ. "ಹಾಲ್ ಟಿಕೆಟ್ ಬಂತಾ?", "ಅಸೈನ್‌ಮೆಂಟ್ ಲಾಸ್ಟ್ ಡೇಟ್ ಯಾವಾಗ?", "ಪಿಡಿಎಫ್ ಇದ್ರೆ ಕಳಿಸಿ", ಮಧ್ಯೆ ಗುಡ್ ಮಾರ್ನಿಂಗ್ ಹೂವು. ಅಲ್ಲಿ ಯಾರೂ ಯಾರಿಗೂ ಗೊತ್ತಿಲ್ಲ. ಹೆಣ್ಣುಮಕ್ಕಳಿಗೆ ಇನ್ನೊಂದು ಕಷ್ಟ. ಗ್ರೂಪಿಗೆ ಸೇರಿದ ಕೂಡಲೇ ನಂಬರ್ ಎಲ್ಲರಿಗೂ ಕಾಣುತ್ತೆ, ಎರಡೇ ದಿನಕ್ಕೆ ಗುರುತಿಲ್ಲದವರಿಂದ "ಹಾಯ್" ಬರುತ್ತೆ. ಮನೆಯಲ್ಲಿ ಒಪ್ಪಿಸಿ ಓದೋಕೆ ಕೂತವರು ಇದರ ಉಸಾಬರಿಯೇ ಬೇಡ ಅಂತ ಗ್ರೂಪ್ ಬಿಡ್ತಾರೆ. ಗ್ರೂಪ್ ಜೊತೆಗೆ ಪರೀಕ್ಷೆಯ ಸುದ್ದಿಯೂ ಕೈ ತಪ್ಪುತ್ತೆ. ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸಲ್ಲ.

ಚರ್ಚಾ ವೇದಿಕೆ ಅಂತಲೂ ಒಂದಿರುತ್ತೆ. ಕೇಂದ್ರ ಸರ್ಕಾರದ "ಸ್ವಯಂ" ಅನ್ನೋ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳನ್ನೇ ನೋಡಿ. ವಿಡಿಯೋ ಪಾಠ, ಓದುವ ಸಾಮಗ್ರಿ, ಸ್ವಪರೀಕ್ಷೆ, ಸಂದೇಹ ಕೇಳೋಕೆ ಚರ್ಚಾ ವೇದಿಕೆ, ಹೀಗೆ ನಾಲ್ಕು ಭಾಗ ಇರಬೇಕು ಅನ್ನೋದು ನಿಯಮ. ಮೊದಲ ಮೂರಕ್ಕೆ ದುಡ್ಡು, ಶ್ರಮ ಎಲ್ಲಾ ಹಾಕ್ತಾರೆ. ನಾಲ್ಕನೆಯದಕ್ಕೆ ಒಂದು ಖಾಲಿ ಪೆಟ್ಟಿಗೆ ಇಟ್ಟರೆ ಮುಗೀತು ಅನ್ನೋ ಭಾವನೆ ಎಲ್ಲಾ ಕಡೆ ಇದೆ. ಡಿಗ್ರಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು ಸಾವಿರ ಜನ ನೋಡೋ ಜಾಗದಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಬರೀತಾರಾ? ಬರೆದು, ಅಳಿಸಿ, ಸುಮ್ಮನಾಗ್ತಾರೆ.

ಅದೇ ಮೂರು ಜನ ಕೂತರೆ ಕಥೆ ಬೇರೆ. ಬನವಾಸಿಯವರು, ಆಮೇಲೆ ಸಿಕ್ಕಿದ ಸಿದ್ದಾಪುರದ ಒಬ್ಬರು, ನಾನು, ಈಗ ಭಾನುವಾರ ಬೆಳಿಗ್ಗೆ ಸೇರ್ತೀವಿ. ಪ್ರೊಸೆಸ್ ಕಾಸ್ಟಿಂಗ್, ಅಂದ್ರೆ ಹಂತ ಹಂತವಾಗಿ ತಯಾರಾಗೋ ವಸ್ತುವಿನ ಖರ್ಚು ಲೆಕ್ಕ ಹಾಕೋ ಪಾಠದಲ್ಲಿ, ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಎರಡೂ ನನಗೆ ಕಲಸಿಹೋಗಿದ್ದವು. ಎಷ್ಟು ಸಲ ವಿಡಿಯೋ ಹಿಂದಕ್ಕೆ ಹಾಕಿ ನೋಡಿದರೂ ತಲೆಗೆ ಹೋಗಿರಲಿಲ್ಲ. ಸಿದ್ದಾಪುರದವರದ್ದು ಅಡಿಕೆ ತೋಟದ ಮನೆ. "ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ತೂಕ ಇಳಿಯುತ್ತಲ್ಲ, ಅದು ನಾರ್ಮಲ್. ಆ ಖರ್ಚು ಉಳಿದ ಒಳ್ಳೆ ಅಡಿಕೆಯ ಮೇಲೇ ಬೀಳುತ್ತೆ. ಒಣಗಿಸುವಾಗ ಅಕಾಲಿಕ ಮಳೆ ಬಂದು ಬೂಷ್ಟು ಹಿಡೀತು ಅಂದ್ರೆ ಅದು ಅಬ್‌ನಾರ್ಮಲ್. ಅದನ್ನ ಬೇರೆ ತೆಗೆದು ಲಾಭ-ನಷ್ಟದ ಖಾತೆಗೆ ಹಾಕು" ಅಂದರು. ಅಷ್ಟೇ. ಈಗ ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ. ಯಾವ ಪ್ರೊಫೆಸರೂ ನನ್ನ ಊರನ್ನ ಅಷ್ಟು ತಿಳಿದು ಪಾಠ ಮಾಡೋಕಾಗಲ್ಲ. ಅದನ್ನ ಪಕ್ಕದೂರಿನ ಸಹಪಾಠಿಯೇ ಮಾಡಬೇಕು.

ದೂರಶಿಕ್ಷಣಕ್ಕೆ ಇದು ಹೊಸ ವಿಷಯವೇನೂ ಅಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದಾಗ ರೇಡಿಯೋ, ಟಿವಿ, ಅಂಚೆ ಎಲ್ಲಾ ಬಳಸಿತು. ಅದರ ಜೊತೆಗೇ ಊರೂರಿನಲ್ಲಿ ಟ್ಯೂಟರ್‌ಗಳನ್ನ ಇಟ್ಟಿತು, ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನ ಒಂದು ವಾರ ಒಂದೇ ಕಡೆ ಸೇರಿಸಿತು. ನಮ್ಮಲ್ಲೂ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಹುಟ್ಟೋದಕ್ಕೂ ಮೊದಲು, ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣದ ಕಾಲದಿಂದಲೇ ಕಾಂಟ್ಯಾಕ್ಟ್ ಕ್ಲಾಸ್ ಅಂತ, ಅಂದ್ರೆ ಕೆಲವು ದಿನ ಎಲ್ಲರೂ ಒಂದೆಡೆ ಸೇರಿ ಎದುರೆದುರು ಪಾಠ ಕೇಳೋದು, ಇತ್ತು. ನನ್ನ ಚಿಕ್ಕಮ್ಮ ಟೀಚರ್ ಆಗಿದ್ದಾಗ ಹಾಗೆ ಮೈಸೂರಿಗೆ ಹೋಗಿ ಎಂ.ಎ ಮಾಡಿದವರು. ಅಲ್ಲಿ ಕೇಳಿದ ಪಾಠ ಅವರಿಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ, ಒಂದೇ ರೂಮಿನಲ್ಲಿ ಉಳಿದಿದ್ದ ಗೆಳತಿಯರು ಮಾತ್ರ ಇವತ್ತಿಗೂ ಮನೆಗೆ ಬಂದು ಹೋಗ್ತಾರೆ. ಎಲ್ಲಾ ಮೊಬೈಲಿಗೇ ಬಂತು ಅನ್ನೋ ಸಂಭ್ರಮದಲ್ಲಿ ಆ ಭೇಟಿಯನ್ನ ಖರ್ಚು ಅಂತ ತೆಗೆದುಹಾಕಿದ್ದು ತಪ್ಪು.

ಆನ್‌ಲೈನಿನಲ್ಲಿ ಇದು ಆಗಲ್ಲ ಅನ್ನುವವರು ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಕೋರ್ಸನ್ನ ನೋಡಬೇಕು. ಪಾಠ ಮನೆಯಲ್ಲೇ, ಮುಖ್ಯ ಪರೀಕ್ಷೆಗಳು ಮಾತ್ರ ಕೇಂದ್ರಕ್ಕೆ ಹೋಗಿ. ವಿದ್ಯಾರ್ಥಿಗಳನ್ನ ಹೌಸ್‌ಗಳಾಗಿ ಹಂಚಿದ್ದಾರೆ. ನಮ್ಮ ಬಂಡೀಪುರ, ಕಾಜಿರಂಗ, ನೀಲಗಿರಿ, ಸುಂದರ್‌ಬನ್ಸ್ ಹೀಗೆ ದೇಶದ ಕಾಡುಗಳ ಹೆಸರು. ಪ್ಯಾರಾಡಾಕ್ಸ್ ಅನ್ನೋ ಹಬ್ಬಕ್ಕೆ ಚೆನ್ನೈ ಕ್ಯಾಂಪಸ್ಸಿನಲ್ಲಿ ಸೇರ್ತಾರೆ. ನನಗೆ ಈ ಯೋಚನೆ ತುಂಬಾ ಹಿಡಿಸಿತು. ಆದರೂ ಒಂದು ಹೌಸ್ ಅಂದ್ರೆ ದೊಡ್ಡ ಗುಂಪೇ. ವರ್ಷಕ್ಕೊಮ್ಮೆ ಚೆನ್ನೈಗೆ ಹೋಗೋದು ಸಣ್ಣ ಮಗು ಇರುವ ತಾಯಿಗೋ, ರಜೆ ಸಿಗದ ಅಂಗಡಿ ಕೆಲಸದವನಿಗೋ ಆಗಲ್ಲ. ಅವರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯಲ್ಲಿ ಮುಟ್ಟೋ ಗುಂಪು ಬೇಕು.

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. ಅಡ್ಮಿಷನ್ ಫಾರಂನಲ್ಲಿ ಒಂದು ಪ್ರಶ್ನೆ ಸೇರಿಸಿ: ನಿಮ್ಮ ತಾಲೂಕಿನ ಸಹಪಾಠಿಗಳ ಪರಿಚಯ ಬೇಕಾ? ಹೌದು ಅಂದವರನ್ನ ಐದಾರು ಜನರ ಗುಂಪು ಮಾಡಿ. ಹೆಂಗಸರದ್ದೇ ಗುಂಪು ಬೇಕು ಅಂದರೆ ಅದನ್ನೂ ಕೊಡಿ. ಫೋನ್ ನಂಬರ್ ಹಂಚದೆ ನಿಮ್ಮ ಆಪ್‌ನಲ್ಲೇ ಮಾತಾಡೋಕೆ ಬಿಡಿ. ಪ್ರತಿ ಸೆಮಿಸ್ಟರಿಗೆ ಒಂದು ಅಸೈನ್‌ಮೆಂಟ್ ಆ ಗುಂಪೇ ಸೇರಿ ಮಾಡೋ ಹಾಗಿರಲಿ, ಯಾಕೆಂದರೆ ಬರೀ "ಪರಿಚಯ ಮಾಡಿಕೊಳ್ಳಿ" ಅಂದರೆ ಯಾರೂ ಬರಲ್ಲ, ಕೆಲಸ ಇದ್ದರೆ ಬರ್ತಾರೆ. ಕೂರೋಕೆ ಜಾಗ ಇದೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಶಿರಸಿಯಂಥ ಊರಲ್ಲಿ ಕಾಲೇಜುಗಳಿವೆ. ಭಾನುವಾರ ಎರಡು ಗಂಟೆ ಒಂದು ಕೋಣೆ ಸಿಕ್ಕರೆ ಸಾಕು.

ವಿಶ್ವವಿದ್ಯಾಲಯಗಳು ಮಾಡುವಾಗ ಮಾಡಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಯಾರಾದರೂ ಆನ್‌ಲೈನಿನಲ್ಲಿ ಓದ್ತಿದ್ದರೆ, ಯಾವ ವಿಶ್ವವಿದ್ಯಾಲಯ ಆದರೂ ಸರಿ, ಯಾವ ಕೋರ್ಸ್ ಆದರೂ ಸರಿ, ನನಗೆ ಮೆಸೇಜ್ ಮಾಡಿ. ಕಾಮೆಂಟಿನಲ್ಲಿ ನಂಬರ್ ಹಾಕಬೇಡಿ. ಬೇರೆ ಜಿಲ್ಲೆಯವರು ನಿಮ್ಮ ತಾಲೂಕಿನ ಹೆಸರು, ಕೋರ್ಸ್ ಎರಡನ್ನೇ ಕೆಳಗೆ ಬರೆಯಿರಿ. ಒಂದೇ ಊರಿನ ಇಬ್ಬರು ಕಂಡರೆ ನಾನೇ ಜೋಡಿಸಿ ಕೊಡ್ತೀನಿ.