ಕೌನ್ಸೆಲರ್ ಅಂದ್ರೆ ಯಾವ ವಾರ್ಡು?

ನಮ್ಮಣ್ಣನ ಮಗಳು ಎಂಎ ಸೈಕಾಲಜಿ ಮುಗಿಸಿ ತುಮಕೂರಿಗೆ ವಾಪಸ್ ಬಂದ ದಿನ ಅಜ್ಜಿ ಕೇಳಿದರು, 'ಮುಂದೇನಮ್ಮ?'

'ಕೌನ್ಸೆಲರ್ ಆಗ್ತೀನಿ ಅಜ್ಜಿ.'

ಅಜ್ಜಿ ಮುಖ ಅರಳಿತು. 'ಯಾವ ವಾರ್ಡು? ಬೀದಿದೀಪ ಕೆಟ್ಟು ಎರಡು ತಿಂಗಳಾಯ್ತು. ಗೆದ್ದ ತಕ್ಷಣ ಹಾಕಿಸಿಬಿಡು.'

ಅಜ್ಜಿಯನ್ನು ಆಡಿಕೊಳ್ಳಬೇಡಿ. ನಮ್ಮಲ್ಲಿ ಕೌನ್ಸೆಲಿಂಗ್ ಅನ್ನುವ ಪದಕ್ಕೆ ಬೇಕಾದಷ್ಟು ಅರ್ಥಗಳಿವೆ. ಸಿಇಟಿ ಬರೆದ ಹುಡುಗನಿಗೆ ಅದು ಇಂಜಿನಿಯರಿಂಗ್ ಸೀಟು. ಸರ್ಕಾರಿ ಶಾಲೆ ಮೇಷ್ಟ್ರಿಗೆ ಪಾವಗಡದಿಂದ ತುಮಕೂರಿಗೆ ವರ್ಗಾವಣೆ. ಜಗಳ ಆಡಿಕೊಂಡು ಬಂದ ಗಂಡ-ಹೆಂಡತಿಗೆ 'ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುವ ಹಿರಿಯರ ಎರಡು ಮಾತು. ಒಬ್ಬರು ಹೇಳಿಕೊಳ್ಳುವುದು, ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕೇಳುವುದು ಅನ್ನುವ ಅರ್ಥ ಮಾತ್ರ ಯಾರ ತಲೆಗೂ ಬರುವುದಿಲ್ಲ.

ಮೊದಲ ಇಂಟರ್‌ವ್ಯೂ ಒಂದು ಖಾಸಗಿ ಕಾಲೇಜಿನಲ್ಲಿ. ಹುಡುಗಿ ರಾತ್ರಿಯಿಡೀ ಆತಂಕ, ಖಿನ್ನತೆ ಅಂತ ಓದಿಕೊಂಡು ಹೋಗಿದ್ದಳು. ಅವರು ಕೇಳಿದ ಮೊದಲ ಪ್ರಶ್ನೆ, 'ಗಾಡಿ ಇದೆಯಾ?'

'ಗಾಡಿ ಯಾಕೆ ಸಾರ್?'

'ಕೊರಟಗೆರೆ, ಮಧುಗಿರಿ ಕಡೆ ಪಿಯುಸಿ ಮಕ್ಕಳ ಮನೆಗೆ ಹೋಗ್ಬೇಕಲ್ಲಮ್ಮ.'

ಹುದ್ದೆಯ ಪೂರ್ತಿ ಹೆಸರು ಅಡ್ಮಿಷನ್ ಕೌನ್ಸೆಲರ್. ಆತಂಕ ಕಡಿಮೆ ಮಾಡುವ ಕೆಲಸ ಇಲ್ಲವೇ ಇಲ್ಲ ಅಂತೇನಲ್ಲ. 'ಫೀಸ್ ಅಂದ್ರೆ ಪೇರೆಂಟ್ಸ್‌ಗೆ ಆತಂಕ ಜಾಸ್ತಿ. ಅದನ್ನ ನೀವು ಸ್ವಲ್ಪ ನೋಡ್ಕೋಬೇಕು.'

ಎರಡನೆಯ ಕಡೆ ಪರಿಸ್ಥಿತಿ ಸುಧಾರಿಸಿತ್ತು. 100 ಮತ್ತು ಅದಕ್ಕಿಂತ ಹೆಚ್ಚು ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ತರಬೇತಿ ಪಡೆದ ಒಬ್ಬ ಆಪ್ತ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಇಟ್ಟುಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತಲ್ಲ, ಇವರು ಅದನ್ನು ಬಹಳ ಗಂಭೀರವಾಗಿ ತಗೊಂಡಿದ್ದರು. ಬೋರ್ಡ್ ಬರೆಸಿದ್ದರು. 'ಆಪ್ತ ಸಮಾಲೋಚನಾ ಕೇಂದ್ರ', ಹಸಿರು ಮೇಲೆ ಬಿಳಿ ಅಕ್ಷರ. ಬಾಗಿಲಿಗೆ ಬೀಗ. ಬೀಗದ ಕೈ ಪಿಟಿ ಮೇಷ್ಟ್ರ ಹತ್ತಿರ. ತೆಗೆಸಿ ನೋಡಿದರೆ ಒಳಗೆ ವಾಲಿಬಾಲ್ ನೆಟ್, ಹಳೇ ಉತ್ತರ ಪತ್ರಿಕೆಗಳ ಕಟ್ಟು, ಗಣಪತಿ ಹಬ್ಬದ ಸೀರಿಯಲ್ ಸೆಟ್, ಒಂದು ಕಾಲು ಮುರಿದ ಕುರ್ಚಿ.

'ಮಕ್ಕಳು ಬಂದ್ರೆ ಎಲ್ಲಿ ಕೂರ್ತಾರೆ ಸಾರ್?'

'ಬೋರ್ಡ್ ಹಾಕಿದಾಗಿನಿಂದ ಒಬ್ಬರೂ ಬಂದಿಲ್ಲ ಮೇಡಂ. ನಮ್ಮ ಮಕ್ಕಳ ಮಾನಸಿಕ ಆರೋಗ್ಯ ಅಷ್ಟು ಚೆನ್ನಾಗಿದೆ.'

ಸುಮ್ನೆ ಕೂರುವ ಬದಲು ಇಂಗ್ಲಿಷ್ ಗ್ರಾಮರ್ ತಗೊಳ್ಳಿ, ವಾರ್ಷಿಕೋತ್ಸವಕ್ಕೆ ನಿರೂಪಣೆ ಮಾಡಿ ಅಂದರಂತೆ.

ಸರಿಯಾದ ದಾರಿಗಳೂ ಇವೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಎಂಎ ಸಾಲದು. ಅದರ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸ್ ಮುಗಿಸಿ ಅಲ್ಲಿ ಹೆಸರು ನೋಂದಾಯಿಸಬೇಕು. ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್, ನಿಮ್ಹಾನ್ಸ್ ಸೀಟು ಅದಕ್ಕಿಂತ ದೂರ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನಶ್ಶಾಸ್ತ್ರಜ್ಞರಿಗೆ ಜಾಗ ಇದೆ. ಆದರೆ ನಮ್ಮದು 10 ತಾಲ್ಲೂಕಿನ ಜಿಲ್ಲೆ, ಲೆಕ್ಕ ನೀವೇ ಹಾಕಿಕೊಳ್ಳಿ. 2022ರಲ್ಲಿ ಬಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ 14416ಕ್ಕೆ ಬರುವ ಫೋನ್ ಎತ್ತಿ ಮಾತಾಡುವ ಕೆಲಸವೂ ಇದೆ. ಇಲ್ಲವೇ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರ ದಾರಿ ಹಿಡಿಯಬಹುದು. ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ದವರು 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದು 'ಆಕಾಶವಾಣಿ' ಅಂತ ಹೆಸರಿಟ್ಟರು. ಅವರಿಗೂ ಯಾರೋ ನೆಂಟರು 'ಸೈಕಾಲಜಿ ಓದಿ ಏನು ಮಾಡ್ತೀಯಪ್ಪ' ಅಂತ ಕೇಳಿರಬೇಕು ಅಂತ ನನ್ನ ಗುಮಾನಿ.

ನೆಂಟರು ಅಂದೆನಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಅವಳ ಸೋದರಮಾವ ಶುರು ಮಾಡಿದರು. 'ನೀನು ಮನಸ್ಸು ಓದ್ತೀಯಲ್ಲ, ನಾನೀಗ ಏನು ಅಂದ್ಕೊಳ್ತಿದೀನಿ ಹೇಳು ನೋಡೋಣ.'

ಅವಳು ಅವರ ಖಾಲಿ ತಟ್ಟೆ ನೋಡಿ, 'ಇನ್ನೊಂದು ಇಡ್ಲಿ ಹೇಳೋಣ ಅಂತ' ಅಂದಳು.

ಮಾವನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಈಗ ಪ್ರತಿ ಭಾನುವಾರ ಊರಿನ ವರಗಳ ಫೋಟೋ ತಂದು, 'ಕುಡೀತಾನಾ ಇಲ್ವಾ, ಕಣ್ಣು ನೋಡಿ ಹೇಳು' ಅಂತ ಕೂರುತ್ತಾರೆ. ಫೀಸ್ ಮಾತ್ರ ಎತ್ತುವುದಿಲ್ಲ. ಸುಮ್ನೆ ಮಾತಾಡೋದಕ್ಕೆ ಯಾರಾದರೂ ದುಡ್ಡು ಕೊಡ್ತಾರಾ, ಅಲ್ವಾ?

ಇಷ್ಟರಲ್ಲಿ ಅಜ್ಜಿಯ ಕಾಟ ತಡೆಯಲಾರದೆ ಅವಳೇ ಫೋನ್ ಮಾಡಿ ದೂರು ಕೊಟ್ಟಳು. ಮೂರನೇ ದಿನ ಬೀದಿದೀಪ ಹತ್ತಿತು. ಅಜ್ಜಿ ಬೀದಿಗೆಲ್ಲ ಸಾರಿದರು. ಈಗ ಬೆಳಿಗ್ಗೆ ಎದ್ದರೆ ಜಗಲಿ ಮೇಲೆ ಜನ. ಒಬ್ಬರಿಗೆ ನೀರು, ಒಬ್ಬರಿಗೆ ಖಾತೆ, ಒಬ್ಬರಿಗೆ ನಾಯಿ ಕಾಟ.

ಹೋದ ವಾರ ಹಿಂದಿನ ಬೀದಿಯ ಒಬ್ಬ ಹಿರಿಯರು ಚರಂಡಿ ಕಟ್ಟಿಕೊಂಡಿದೆ ಅಂತ ಬಂದರು. ಚರಂಡಿ ಕಥೆ ಐದು ನಿಮಿಷಕ್ಕೆ ಮುಗಿಯಿತು. ಅವರು ಏಳಲಿಲ್ಲ. ಕೊಟ್ಟ ಕಾಫಿ ಆರಿತು. ಆಮೇಲೆ, ಹೆಂಡತಿ ಹೋದ ಮೇಲೆ ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಬೆಳಗಿನ ತನಕ ನಿದ್ದೆ ಇಲ್ಲ ಅಂದರು. ಒಂದು ಗಂಟೆ ಮಾತಾಡಿದರು. ಇವಳು ಕೇಳಿಸಿಕೊಂಡಳು.

ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅತ್ತಿತ್ತ ನೋಡಿ, ಸ್ವಲ್ಪ ಜೋರಾಗಿಯೇ ಹೇಳಿದರು. 'ಮುಂದಿನ ವಾರ ಬರ್ತೀನಮ್ಮ. ಚರಂಡಿ ವಿಷಯ ಮಾತಾಡೋಕೆ.'