ದೊಡ್ಡಮ್ಮ ಮಲಗಿದ್ದು ಅಸಹಜವಂತೆ

ಕೋಲಾರದ ಕೋಟೆಯಲ್ಲಿರುವ ನಮ್ಮ ದೊಡ್ಡಮ್ಮನ ಮನೆಗೆ ಆಷಾಢದಲ್ಲಿ ನಾಲ್ಕು ಬಿಳಿ ಡಬ್ಬಿಗಳು ಬಂದವು. ಅಡುಗೆಮನೆಗೊಂದು, ನಡುಮನೆಗೊಂದು, ಬಚ್ಚಲ ಬಾಗಿಲಿಗೊಂದು, ಮಂಚದ ಪಕ್ಕಕ್ಕೊಂದು. ಕ್ಯಾಮೆರಾ ಅಲ್ಲ, ಓಡಾಟವನ್ನಷ್ಟೇ ಗುರುತಿಸುವ ಸೆನ್ಸರ್ ಎಂದು ಕೂರಿಸಲು ಬಂದ ಹುಡುಗ ಸಮಾಧಾನ ಹೇಳಿದ. ಎರಡು ವಾರ ಅಜ್ಜಿಯ ದಿನಚರಿ ಕಲಿಯುತ್ತದೆ; ಆಮೇಲೆ ಏರುಪೇರಾದರೆ ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ. ‘ಮಂಚದ ಕೆಳಗೆ ಹುಣಸೆಹಣ್ಣಿನ ಡಬ್ಬ ಇದೆ, ಒದೆಯಬೇಡಪ್ಪ’ ಎಂದಷ್ಟೇ ದೊಡ್ಡಮ್ಮ ಹೇಳಿದಳು.

ಆ ಎರಡು ವಾರವೂ ಬೀದಿಯ ನಲ್ಲಿಗೆ ನೀರು ಬಂದದ್ದು ರಾತ್ರಿ ಎರಡು ಗಂಟೆಗೆ. ಬಂದರೆ ಬಂತು, ಬಾರದಿದ್ದರೆ ಇಲ್ಲ. ಎದ್ದು ನೋಡುವುದಂತೂ ತಪ್ಪುವುದಿಲ್ಲ. ಎಪ್ಪತ್ತಾರರ ಹೆಂಗಸು ನಡುರಾತ್ರಿ ಬಿಂದಿಗೆ ಹಿಡಿದು ತಿರುಗುವುದೇ ಆರೋಗ್ಯದ ಲಕ್ಷಣವೆಂದು ಯಂತ್ರ ಶ್ರದ್ಧೆಯಿಂದ ಬರೆದುಕೊಂಡಿತು. ಮೂರನೆಯ ವಾರ ಯಾವ ಪುಣ್ಯಾತ್ಮನ ಮನಸ್ಸು ಕರಗಿತೋ, ನೀರು ಬೆಳಿಗ್ಗೆ ಹತ್ತಕ್ಕೇ ಬಂತು. ದೊಡ್ಡಮ್ಮ ಅಂದು ರಾತ್ರಿ ಕಣ್ತುಂಬ ಮಲಗಿದಳು. ಎರಡು ಗಂಟೆ ಹತ್ತು ನಿಮಿಷಕ್ಕೆ ಅಣ್ಣನ ಮೊಬೈಲ್ ಬಡಿದುಕೊಂಡಿತು: ಚಲನೆ ಇಲ್ಲ! ಅವನು ಅಮ್ಮನಿಗೆ ಫೋನ್ ಮಾಡಿದ, ಎತ್ತಲಿಲ್ಲ. ಪಕ್ಕದ ಮನೆಯವರನ್ನು ಎಬ್ಬಿಸಿದ, 108ಕ್ಕೂ ಕರೆ ಮಾಡಿದ. ಆಂಬುಲೆನ್ಸಿನ ಸದ್ದಿಗೆ ದೊಡ್ಡಮ್ಮ ಗಾಬರಿಯಿಂದ ಎದ್ದು ಅಡುಗೆಮನೆಗೆ ಓಡಿದಳು. ಯಂತ್ರಕ್ಕೆ ಸಮಾಧಾನವಾಯಿತು: ಎಲ್ಲವೂ ಸಹಜ.

ಇದೇನು ಹೊಸ ಹುಚ್ಚಲ್ಲ. ಜಪಾನಿನ ಝೋಜಿರುಶಿ ಕಂಪನಿ 2001ರಲ್ಲೇ ಇಂಥ ನೀರು ಕಾಯಿಸುವ ಪಾತ್ರೆ ತಂದಿತ್ತು. ಅಜ್ಜಿ ಚಹಾಕ್ಕೆ ನೀರು ಬಗ್ಗಿಸಿಕೊಂಡ ಸುದ್ದಿ ದೂರದ ಮಕ್ಕಳಿಗೆ ಮುಟ್ಟುತ್ತಿತ್ತು. ಅಲ್ಲಿ ರೈಲೂ ಗಡಿಯಾರ ನೋಡಿ ಓಡುತ್ತದೆ, ಅಜ್ಜಿಯೂ ಹಾಗೇ ಇರಬಹುದು. ನಮ್ಮಲ್ಲಿ ದಿನಚರಿಯ ಲೆಕ್ಕ ಇಟ್ಟದ್ದು ಗೃಹಜ್ಯೋತಿ. 2023ರಲ್ಲಿ ಅದು ಬಂದಾಗ ಹಿಂದಿನ ವರ್ಷದ ಬಳಕೆಯ ಸರಾಸರಿಗೆ ಶೇ 10 ಸೇರಿಸಿ ಉಚಿತ ವಿದ್ಯುತ್ತಿಗೆ ಮಿತಿ ಕಟ್ಟಿದರು. ದೀಪ ಆರಿಸಿ ಮಿತವಾಗಿ ಬದುಕಿದವರೆಲ್ಲ ಕೈ ಕೈ ಹಿಸುಕಿಕೊಂಡರು.

ಯಂತ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಏಳದಿದ್ದರೆ, ಓಡಾಟ ನಿಂತಿತೆಂದು ಅದು ಕೂಗುತ್ತದೆ. ಆದರೆ ಎರಡು ಮುದ್ದೆ ಉಣ್ಣುತ್ತಿದ್ದವಳು ಒಂದಕ್ಕೆ, ಒಂದರಿಂದ ಅರ್ಧಕ್ಕೆ ನಿಧಾನವಾಗಿ ಇಳಿದು ಅಡುಗೆಮನೆಯ ಓಡಾಟವೂ ಕಡಿಮೆಯಾದರೆ, ಎರಡು ವಾರದ ಆಮೇಲೂ ದಿನದಿನವೂ ಹೊಸದಾಗಿ ಕಲಿಯುತ್ತಲೇ ಇರುವ ಅದು ಅರ್ಧ ಮುದ್ದೆಯನ್ನೇ ವಾಡಿಕೆಯೆಂದು ಒಪ್ಪಿಬಿಡುತ್ತದೆ. ರಸ್ತೆಯ ಗುಂಡಿಯೂ ಮೊದಲ ದಿನ ಏರುಪೇರು, ಆರು ತಿಂಗಳಾದರೆ ದಿನಚರಿ. ಹೀಗೆ ನೋಡಿದರೆ ಈ ಯಂತ್ರಕ್ಕೆ ಸರ್ಕಾರಿ ನೌಕರಿ ಸಿಗಬೇಕಿತ್ತು.

ನಾವು ಬೆಂಗಳೂರಿಗೆ ಹಾಲು, ಟೊಮೆಟೊ, ಮಕ್ಕಳನ್ನು ಕಳಿಸಿದೆವು. 2018ರಿಂದ ಬೆಂಗಳೂರು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ ತನ್ನ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ಕೆರೆಗಳಿಗೆ ಕಳಿಸುತ್ತಿದೆ. ಈಗ ಬಚ್ಚಲ ಬಾಗಿಲಿಗೆ ಡಬ್ಬಿ. ಋಣ ಇಟ್ಟುಕೊಳ್ಳದ ಊರು.

ದೀಪಾವಳಿಗೆ ಅಣ್ಣ ಹೆಂಡತಿ ಮಕ್ಕಳೊಂದಿಗೆ ಬಂದ. ಮಕ್ಕಳು ಮನೆ ತುಂಬ ಓಡಾಡಿದವು, ಅತ್ತಿಗೆ ಒಲೆಯ ಮುಂದೆ ಕೂತಳು. ಹೋಳಿಗೆ ಬಾಯಿಗಿಡುವಷ್ಟರಲ್ಲಿ ಅಣ್ಣನ ಜೇಬಿನಲ್ಲಿ ಮೊಬೈಲ್ ಕೂಗಿತು: ಮನೆಯಲ್ಲಿ ಅಸಹಜ ಚಲನೆ, ತಕ್ಷಣ ಪರಿಶೀಲಿಸಿ.

‘ಯಾರು ಬಂದಿದ್ದಾರಂತೋ?’ ಎಂದು ಕೇಳುತ್ತ ದೊಡ್ಡಮ್ಮ ಅವನ ಎಲೆಗೆ ಇನ್ನೊಂದು ಚಮಚ ತುಪ್ಪ ಬಡಿಸಿದಳು.