ರಜೆಗೆ ಬಂದ ಮಕ್ಕಳ ಕೈಗೆ ಹಪ್ಪಳದ ಹಿಟ್ಟು ಕೊಡಿ

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿತ್ತು ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ಎರಡು ಸಂಗತಿ ಒಟ್ಟಿಗೇ ಶುರುವಾಗುತ್ತವೆ. ಬೆಂಗಳೂರು, ಹುಬ್ಬಳ್ಳಿಯಿಂದ ಮೊಮ್ಮಕ್ಕಳು ಬಂದಿಳಿಯುತ್ತಾರೆ. ಅದೇ ಹೊತ್ತಿಗೆ ಹಲಸು ಬಲಿತಿರುತ್ತದೆ, ಮುರುಗಲು (ಕೋಕಂ, ಪುನರ್ಪುಳಿ) ಹಣ್ಣಾಗಿ ಉದುರುತ್ತಿರುತ್ತದೆ, ಮಳೆಗಾಲದ ಸಾಮಾನೆಲ್ಲ ಮೇ ಮುಗಿಯುವುದರೊಳಗೆ ಡಬ್ಬಿ ಸೇರಬೇಕಾಗಿರುತ್ತದೆ. ಮನೆಯ ಹೆಂಗಸರಿಗೆ ಉಸಿರಾಡಲೂ ಪುರಸೊತ್ತಿಲ್ಲದ ವಾರಗಳೂ, ಮನೆ ತುಂಬ ಮಕ್ಕಳಿರುವ ವಾರಗಳೂ ಒಂದೇ.

ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಒಂದೇ ಉತ್ತರ: "ಇಲ್ಲಿ ಕೆಲಸ ಇದ್ದು, ನೀವೆಲ್ಲ ಆಚೆ ಹೋಗಿ ಆಡ್ಕಳಿ." ಮಕ್ಕಳು ಅರ್ಧ ಗಂಟೆ ಆಡುತ್ತಾರೆ, ಆಮೇಲೆ ಜಗಳ, ಆಮೇಲೆ ಅಳು, ಕೊನೆಗೆ ಯಾರದ್ದಾದರೂ ಮೊಬೈಲು. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಮಕ್ಕಳನ್ನು ಕೆಲಸದ ಒಳಗೇ ಕೂರಿಸಿಕೊಳ್ಳಬೇಕು. ಸುಮ್ಮನೆ ಸಮಾಧಾನಕ್ಕೆ ಒಂದು ಉಂಡೆ ಹಿಟ್ಟು ಕೊಟ್ಟು ಮೂಲೆಗೆ ಕೂರಿಸುವುದನ್ನು ನಾನು ಹೇಳುತ್ತಿಲ್ಲ. ಅವರು ಒತ್ತಿದ ಹಪ್ಪಳ ನಿಜವಾಗಿ ಒಣಗಬೇಕು, ಕರಿದು ಬಡಿಸಬೇಕು. ಐದು ವರ್ಷದ ಮಗುವಿಗೂ ಆಟದ ಕೆಲಸ ಯಾವುದು, ಬೇಕಾದ ಕೆಲಸ ಯಾವುದು ಎಂದು ಚೆನ್ನಾಗಿ ಗೊತ್ತಾಗುತ್ತದೆ.

ಆದರೆ ಇದಕ್ಕೆ ಮೊದಲು ಹೊತ್ತಿನ ಲೆಕ್ಕ ಸರಿಯಾಗಬೇಕು. ಮಕ್ಕಳ ಕೆಲಸ ಏನಿದ್ದರೂ ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ. ಏಳೂವರೆಗೆ ತೆಳ್ಳೇವೋ ದೋಸೆಯೋ ಹೊಟ್ಟೆಗೆ ಬಿದ್ದಿರಬೇಕು. ಹತ್ತಕ್ಕೆ ಆಸ್ರಿ: ಮಜ್ಜಿಗೆ, ಬೆಲ್ಲದ ಪಾನಕ, ಮುರುಗಲು ಶರಬತ್ತು, ಯಾವುದಾದರೂ. ಮಕ್ಕಳ ಊಟ ಹನ್ನೆರಡಕ್ಕೆ. ಇಲ್ಲೇ ಬಹಳ ಮನೆಗಳು ಎಡವುವುದು. ಪೂಜೆ ಮುಗಿದು, ಹಿರಿಯರದ್ದಾಗಿ, ಪಂಕ್ತಿ ಹಾಕುವಾಗ ಒಂದೂವರೆ ಆಗಿರುತ್ತದೆ. ಹನ್ನೊಂದೂವರೆಯ ಮೇಲೆ ಮಕ್ಕಳಲ್ಲಿ ಆಗುವ ಜಗಳದಲ್ಲಿ ಮುಕ್ಕಾಲು ಪಾಲು ಹಸಿವಿನದ್ದು, ಉಳಿದದ್ದು ಸೆಕೆಯದ್ದು. ಅನ್ನ, ತಂಬುಳಿ, ಒಂದು ಹಪ್ಪಳ ಹಾಕಿ ಮಕ್ಕಳನ್ನು ಮೊದಲು ಎಬ್ಬಿಸಿಬಿಟ್ಟರೆ ಯಾವ ಸಂಪ್ರದಾಯವೂ ಕೆಡುವುದಿಲ್ಲ.

ಈಗ ಹಪ್ಪಳಕ್ಕೆ ಬರೋಣ. ಹಲಸಿನ ಕಾಯಿ ಪೂರ್ತಿ ಬಲಿತಿರಬೇಕು, ಹಣ್ಣಿನ ಕಡೆ ತಿರುಗಿರಬಾರದು. ಬಕ್ಕೆ, ಅಂದರೆ ಗಟ್ಟಿ ತೊಳೆಯ ಹಲಸು, ಆದರೆ ಒಳ್ಳೆಯದು. ಸಿಹಿ ಹತ್ತಿದ ಸೊಳೆಯ (ತೊಳೆಯ) ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕಪ್ಪಾಗುತ್ತದೆ, ಬಾಯಿಗೆ ಕಹಿ. ಎಂಟು ಹತ್ತು ಕೆಜಿಯ ಒಂದು ಕಾಯಿಯಲ್ಲಿ ಸುಮಾರು ಎರಡೂವರೆ ಕೆಜಿ ಸೊಳೆ ಸಿಗುತ್ತದೆ. ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿದರೆ ತೊಂಬತ್ತು ನೂರು ಹಪ್ಪಳ. ಮಕ್ಕಳು ಕೂತಿರುವ ದಿನ ಇದಕ್ಕಿಂತ ಹೆಚ್ಚು ಬೇಡ. ಮೂರು ಕಾಯಿ ಕಡಿದು ರಾಶಿ ಹಾಕಿಕೊಂಡರೆ ದೊಡ್ಡವರಿಗೆ ಗಡಿಬಿಡಿ, ಗಡಿಬಿಡಿಯಲ್ಲಿ ಮಕ್ಕಳಿಗೆ ಬೈಗುಳ.

ಕಾಯಿ ಕಡಿಯುವುದು ಮಕ್ಕಳು ಏಳುವುದರೊಳಗೆ ಮುಗಿದಿರಲಿ. ಮೆಟ್ಟುಗತ್ತಿ ಇರುವ ಜಾಗದಲ್ಲಿ ಮಕ್ಕಳು ಓಡಾಡಬಾರದು, ಇದರಲ್ಲಿ ರಾಜಿಯೇ ಇಲ್ಲ. ಈ ಕೆಲಸ, ಅಂದರೆ ಮರದಿಂದ ಇಳಿಸಿ, ಕಡಿದು, ಮೇಣ (ಹಲಸಿನ ಅಂಟು) ಒರೆಸಿ ಕೊಡುವುದು, ಗಂಡಸರ ಪಾಲಿಗೆ ಬರಬೇಕು. ಮಕ್ಕಳನ್ನು ಬಿಟ್ಟು ಹೋಗಲು ಬಂದ ಅಪ್ಪಂದಿರು ಶನಿವಾರ ಭಾನುವಾರ ಇರುತ್ತಾರಲ್ಲ, ಹಲಸಿನ ದಿನವನ್ನು ಅದಕ್ಕೇ ಹೊಂದಿಸಿಕೊಳ್ಳಿ. ಮಕ್ಕಳು ನೋಡಿಕೊಂಡೇ ಬೆಳೆಯುತ್ತಾರೆ; ಅಮ್ಮಮ್ಮ, ಆಯಿ, ಚಿಕ್ಕಿ ಮಾತ್ರ ನೆಲಕ್ಕೆ ಕೂತ ಮನೆಯಲ್ಲಿ ಹಪ್ಪಳ ಅಂದರೆ ಹೆಂಗಸರ ಕೆಲಸ ಅಂತಲೇ ಅವರೂ ಕಲಿಯುತ್ತಾರೆ.

ಸೊಳೆ ಬಿಡಿಸಲು ಕೂರುವ ಮೊದಲು ಎಲ್ಲರ ಕೈಗೂ ಮೊಣಕೈವರೆಗೆ ಕೊಬ್ಬರಿ ಎಣ್ಣೆ. ಮೇಣ ಹತ್ತಿದ ಮೇಲೆ ಹಚ್ಚಿದರೆ ಅರ್ಧವೂ ಹೋಗುವುದಿಲ್ಲ. ಕೂದಲಿಗೆ ಮೇಣ ತಾಗಿದರೆ ನೀರು, ಸೋಪು ಹಾಕಲು ಹೋಗಬೇಡಿ, ಇನ್ನೂ ಗಟ್ಟಿ ಹಿಡಿಯುತ್ತದೆ. ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಬೆರಳಲ್ಲಿ ಎಳೆಯಿರಿ. ಕತ್ತಿ ಒರೆಸುವ ಸೀಮೆಎಣ್ಣೆ ಮಕ್ಕಳ ಮೈಗೆ ಮುಟ್ಟಿಸಲೇಬೇಡಿ.

ನಾಲ್ಕು ವರ್ಷದ ಆಸುಪಾಸಿನವರಿಗೆ ಸೊಳೆಯಿಂದ ಬೇಳೆ (ಬೀಜ) ಬೇರೆ ಮಾಡುವ ಕೆಲಸ. ಆದರೆ ಮೂರರ ಒಳಗಿನ ಮಗು ಅಲ್ಲಿ ಇದ್ದರೆ ಒಬ್ಬರು ಅದರ ಬಾಯಿಯ ಮೇಲೇ ಕಣ್ಣಿಟ್ಟಿರಬೇಕು. ಹಲಸಿನ ಬೇಳೆ ಜಾರುತ್ತದೆ, ಗಂಟಲಿಗೆ ಸರಿಯಾಗಿ ಕೂರುವ ಗಾತ್ರದ್ದು.

ಬಿಡಿಸಿದ ಸೊಳೆಯನ್ನು ಇಡ್ಲಿ ಅಟ್ಟದಲ್ಲಿ ಇಪ್ಪತ್ತು ನಿಮಿಷ ಉಗಿಯಲ್ಲಿ ಬೇಯಿಸಿ. ನೀರು ಸೊಳೆಗೆ ತಾಗಬಾರದು. ತಾಗಿದರೆ ಹಿಟ್ಟು ಅಂಟಂಟಾಗುತ್ತದೆ, ಒಣಗಲು ಒಂದು ಬಿಸಿಲು ಹೆಚ್ಚು ಬೇಕು. ಬೇಯದೆ ಉಳಿದರೆ ಒತ್ತುವಾಗ ಅಂಚು ಸೀಳುತ್ತದೆ. ಬಿಸಿ ಇರುವಾಗಲೇ, ನೀರು ಹಾಕದೆ ರುಬ್ಬಬೇಕು; ಒರಳು ಒನಕೆ ಇರುವ ಮನೆಯಲ್ಲಿ ಕುಟ್ಟಿದರೆ ಇನ್ನೂ ನಯ. ಇದು ದೊಡ್ಡವರ ಕೆಲಸ, ಉಗಿಗೆ ಕೈ ಸುಡುತ್ತದೆ. ಉಪ್ಪು ಕೆಜಿಗೆ ಎರಡು ಚಹಾ ಚಮಚ ಸಾಕು. ಬಾಯಿಗೆ ಹಾಕಿದಾಗ ಸ್ವಲ್ಪ ಸಪ್ಪೆ ಅನ್ನಿಸಬೇಕು, ಒಣಗಿದಾಗ ಸರಿಯಾಗುತ್ತದೆ. ಉಪ್ಪು ಮುಂದಾದ ಹಪ್ಪಳ ಮಳೆಗಾಲದಲ್ಲಿ ಡಬ್ಬಿಯೊಳಗೇ ನೀರು ಎಳೆದುಕೊಂಡು ಮೆತ್ತಗಾಗುತ್ತದೆ. ಖಾರ, ಜೀರಿಗೆ, ಇಂಗು ಮನೆ ಪದ್ಧತಿ. ಖಾರ ಹಾಕುವ ಮೊದಲು ಕಾಲು ಪಾಲು ಹಿಟ್ಟನ್ನು ಬೇರೆ ತೆಗೆದಿಡಿ. ಮಕ್ಕಳು ಹಿಟ್ಟು ತಿಂದೇ ತಿನ್ನುತ್ತಾರೆ, ತಿನ್ನಲಿ, ಬೆಂದದ್ದೇ ಅಲ್ಲವೇ. ಆದರೆ ಖಾರದ ಕೈ ಕಣ್ಣಿಗೆ ಹೋದರೆ ಆವತ್ತಿನ ಕೆಲಸ ಅಲ್ಲಿಗೇ ಮುಗಿಯಿತು. ಚಿಕ್ಕವರ ಕೈಗೆ ಖಾರ ಹಾಕದ ಹಿಟ್ಟು ಮಾತ್ರ.

ಉಂಡೆ ಕಟ್ಟುವುದು ಐದಾರು ವರ್ಷದವರಿಗೆ, ಒತ್ತುವುದು ಎಂಟರ ಮೇಲಿನವರಿಗೆ. ಹಿಟ್ಟು ತಣಿದಂತೆ ಗಟ್ಟಿಯಾಗುತ್ತದೆ, ಆದ್ದರಿಂದ ಒಮ್ಮೆಗೆ ಹತ್ತು ಉಂಡೆಯಷ್ಟೇ ಹೊರಗೆ ತೆಗೆದು ಉಳಿದದ್ದನ್ನು ಬಾಳೆಲೆ ಮುಚ್ಚಿಡಿ. ಹತ್ತು ಉಂಡೆ ಮಗುವಿನ ತಾಳ್ಮೆಗೂ ಸರಿಯಾದ ಲೆಕ್ಕ. ಹಾಲಿನ ಪ್ಯಾಕೆಟ್ ಕವರು ಕತ್ತರಿಸಿ, ತೊಳೆದು ಒರೆಸಿ, ಒಳಮೈಗೆ ಎಣ್ಣೆ ಸವರಿದರೆ ಅದಕ್ಕಿಂತ ಒಳ್ಳೆಯ ಹಾಳೆ ಇಲ್ಲ. ಎರಡು ಹಾಳೆಯ ನಡುವೆ ಉಂಡೆ, ಮೇಲೊಂದು ಮಣೆ.

ಮಕ್ಕಳು ಒತ್ತಿದ ಹಪ್ಪಳದ ದೋಷ ಯಾವಾಗಲೂ ಒಂದೇ: ನಡು ದಪ್ಪ, ಅಂಚು ತೆಳು. ಅಂಗೈಯಲ್ಲಿ ಒತ್ತಿದರೆ ಅವರ ಬಲ ಮಣೆಯ ಒಂದೇ ಬದಿಗೆ ಬೀಳುತ್ತದೆ. "ತಮಾ, ಎದ್ದು ಮೊಣಕಾಲ ಮೇಲೆ ಕೂತು ಒತ್ತು" ಅಂತ ಹೇಳಿ. ಮೈಭಾರ ಬೀಳುತ್ತದೆ. ಒಮ್ಮೆ ಒತ್ತಿ, ಹಾಳೆಯನ್ನು ಅರ್ಧ ಸುತ್ತು ತಿರುಗಿಸಿ, ಮತ್ತೊಮ್ಮೆ ಒತ್ತಿದರೆ ಸಮ ಬರುತ್ತದೆ. ಅಷ್ಟಾದರೂ ಕೆಲವು ದಪ್ಪವೇ ಉಳಿಯುತ್ತವೆ. ಅವನ್ನು ಮಗುವಿನ ಕಣ್ಣೆದುರೇ ಮುದ್ದೆ ಮಾಡಿ ಮತ್ತೆ ಒತ್ತಬೇಡಿ. ಮಾಡಿದ ಕೆಲಸ ಅಳಿಸಿದ ಹಾಗಾಗುತ್ತದೆ, ಮರುದಿನ ಆ ಮಗು ಬಂದು ಕೂರುವುದಿಲ್ಲ. ಬೇರೆ ಚಾಪೆಯಲ್ಲಿ ಹಾಕಿ, ಬೇರೆಯಾಗಿಯೇ ಒಣಗಿಸಿ, ರಜೆಯಲ್ಲೇ ಕರಿದು ತಿಂದು ಮುಗಿಸಿ. ದಪ್ಪ ಹಪ್ಪಳದ ನಡುವಿನ ಪಸೆ ಹೋಗಿರುವುದಿಲ್ಲ. ಡಬ್ಬಿಗೆ ಹಾಕಿದರೆ ಆಷಾಢದಲ್ಲಿ ಬೂಸಲು ಹಿಡಿದು ಪಕ್ಕದ ಒಳ್ಳೆಯದನ್ನೂ ಕೆಡಿಸುತ್ತದೆ.

ಒಂಬತ್ತೂವರೆ ಹತ್ತಕ್ಕೆ ಚಾಪೆ ಬಿಸಿಲಿಗೆ. ಮಧ್ಯಾಹ್ನ ಅಂಚು ತಾನಾಗಿ ಎದ್ದಾಗ ಮಗುಚಬೇಕು, ಅದಕ್ಕೆ ಮೊದಲು ಎಬ್ಬಿಸಿದರೆ ಹರಿಯುತ್ತದೆ. ಕಾಯ್ದ ಟೆರೇಸಿನ ಮೇಲೆ ಮಕ್ಕಳ ಬರಿಗಾಲು ಬೇಡ, ಮಗುಚುವುದು ದೊಡ್ಡವರೇ ಮಾಡಲಿ. ಕಾಗೆ ಕಾಯುವ ಪಾಳಿ ಮಾತ್ರ ಮಕ್ಕಳಿಗೆ, ಜಗಲಿಯ ನೆರಳಲ್ಲಿ ಕೂತು, ಇಪ್ಪತ್ತು ನಿಮಿಷಕ್ಕೊಬ್ಬರಂತೆ. ಒಳ್ಳೆಯ ಬಿಸಿಲಿದ್ದರೆ ಮೂರು ದಿನ. ಮುರಿದರೆ ಟಕ್ಕನೆ ಸದ್ದಾಗಬೇಕು. ಬಾಗಿದರೆ ಇನ್ನೂ ಒಂದು ದಿನ.

ಬೇರೆ ಮಾಡಿದ ಬೇಳೆಯನ್ನು ತೊಳೆದು ನೆರಳಲ್ಲಿ ಆರಿಸಿ, ಕೆಮ್ಮಣ್ಣು ಕಲಸಿ ಮೆತ್ತಿ, ಒಣಗಿಸಿ ಇಟ್ಟರೆ ಮಳೆಗಾಲದ ಹುಳಿ, ಪಲ್ಯಕ್ಕೆ ಆಗುತ್ತದೆ. ಮಣ್ಣು ಕಲಸುವ ಇಂಥ ಕೆಲಸ ಮಕ್ಕಳಿಗೆ ಕೊಡದೆ ಇನ್ಯಾರಿಗೆ ಕೊಡುವುದು!

ಮುರುಗಲು ಇನ್ನೂ ಸುಲಭ. ಹಣ್ಣು ಮೆತ್ತಗಿರುತ್ತದೆ, ಕತ್ತಿ ಬೇಡ, ಎರಡು ಹೆಬ್ಬೆರಳಲ್ಲಿ ಒತ್ತಿದರೆ ಒಡೆಯುತ್ತದೆ. ಬೀಜ ತೆಗೆದ ಸಿಪ್ಪೆ ಒಂದು ಕೆಜಿಗೆ ಎರಡು ಕೆಜಿ ಸಕ್ಕರೆ, ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ. ಬಾಯಿಗೆ ಬಟ್ಟೆ ಕಟ್ಟಿ ವಾರ ಎಂಟು ದಿನ ಬಿಸಿಲಲ್ಲಿಟ್ಟು ದಿನಕ್ಕೊಮ್ಮೆ ಮರದ ಸೌಟಿನಲ್ಲಿ ಕದಡಬೇಕು. ಆ ಕದಡುವ ಕೆಲಸವನ್ನು ಒಂದೇ ಮಗುವಿಗೆ ವಹಿಸಿ, ದಿನಾ ಬಣ್ಣ ಗಾಢವಾಗುವುದನ್ನು ಅದು ಕಾಯುತ್ತದೆ. ಸಕ್ಕರೆ ಕಡಿಮೆಯಾದರೆ ನೊರೆ ಬಂದು ಹುಳಿತು ಹೋಗುತ್ತದೆ, ಸೌಟು ಒದ್ದೆಯಿದ್ದರೆ ಬೂಸಲು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ತಿನ್ನುತ್ತದೆ. ಬಟ್ಟೆಗೆ ಹತ್ತಿದ ಕಲೆ ಹೋಗುವುದಿಲ್ಲ, ಹಳೇ ಅಂಗಿ ತೊಡಿಸಿ.

ಕರಾವಳಿಯ ಕಡೆ, ಅಂಕೋಲೆ ಕಾರವಾರದ ಮನೆಗಳಲ್ಲಿ, ಇದೇ ಹೊತ್ತಿಗೆ ಒಣಮೀನಿನ ತಯಾರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಮೇ ತಿಂಗಳಲ್ಲೇ ಶೇಖರಣೆ ಆಗಬೇಕು. ಒಣ ಸಿಗಡಿ ಆರಿಸುವುದು, ಕಾಗೆ ಓಡಿಸುವುದು ಮಕ್ಕಳಿಗೆ ಸರಿ; ಹಸಿಮೀನು ಕೊಯ್ದು ಉಪ್ಪು ತುಂಬುವುದು ಬೇಡ, ಮುಳ್ಳು ಚುಚ್ಚಿದ ಗಾಯಕ್ಕೆ ಉಪ್ಪು ಸೇರಿದರೆ ಉರಿ ತಡೆಯಲಾಗದು. ಅಲ್ಲಿಯ ಸೆಕೆಗೆ ಬೆವರುಸಾಲೆ ಏಳುತ್ತದೆ. ಅದರ ಮೇಲೆ ಎಣ್ಣೆ ಹಚ್ಚುವ ರೂಢಿ ಬಿಡಿ, ಬೆವರಿನ ದಾರಿ ಇನ್ನೂ ಮುಚ್ಚುತ್ತದೆ. ದಿನಕ್ಕೆರಡು ಸಲ ತಣ್ಣೀರು ಸ್ನಾನ, ಸಡಿಲ ಹತ್ತಿ ಬಟ್ಟೆ, ಗಾಳಿ. ಸಂಜೆ ಕಡಲಿಗೆ ಹೋದರೂ ಮಗುವಿನ ಮೊಣಕಾಲಿಗಿಂತ ಮೇಲೆ ನೀರು ಬರಬಾರದು, ಕೈ ಬಿಡಬಾರದು. ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ. ಮೇ ಕೊನೆಯ ವಾರಗಳಲ್ಲಿ ನೀರಿಗೆ ಇಳಿಸಲೇಬೇಡಿ.

ಇನ್ನು ಕೊಡಬಾರದ ಕೆಲಸಗಳು. ಗೋಡಂಬಿ ಸುಡುವುದು ಮೊದಲನೆಯದು. ಹಸಿ ಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಬೆಂಕಿಗೆ ಬಿದ್ದಾಗ ಸಿಡಿಯುತ್ತದೆ, ಹೊಗೆಯೂ ಒಳ್ಳೆಯದಲ್ಲ. ಹಸಿ ಬೀಜವನ್ನು ಹಲ್ಲಲ್ಲಿ ಕಚ್ಚಿ ತುಟಿ ಊದಿಸಿಕೊಳ್ಳುವ ಮಕ್ಕಳು ಪ್ರತಿವರ್ಷ ಇದ್ದಾರೆ. ಮಾವಿನಕಾಯಿಯ ಸೊನೆಯೂ ಹಾಗೇ. ತೊಟ್ಟು ಮುರಿದು ಅರ್ಧ ಗಂಟೆ ನೀರಲ್ಲಿ ಹಾಕಿಟ್ಟು ಆಮೇಲೆ ಕೊಡಿ.

ಎರಡನೆಯದು ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ದರಕು, ಅಂದರೆ ಉದುರಿದ ಒಣ ಎಲೆ, ತರಲು ಮಕ್ಕಳನ್ನು ಕರೆದೊಯ್ಯುವುದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗೊತ್ತಾದ ಮಂಗನಕಾಯಿಲೆ ಸಿದ್ದಾಪುರದ ಕಡೆಯ ಊರುಗಳನ್ನು ಇನ್ನೂ ಬಿಟ್ಟಿಲ್ಲ, ಅದು ಹರಡುವುದು ಇದೇ ಒಣ ತಿಂಗಳುಗಳಲ್ಲಿ, ದರಕಿನಲ್ಲಿರುವ ಉಣುಗಿನಿಂದ. ಕಾಡಿನ ಅಂಚಿಗೆ ಹೋಗಿ ಬಂದ ಮಕ್ಕಳಿಗೆ ಬಿಸಿನೀರು ಸ್ನಾನ ಮಾಡಿಸಿ, ಕಿವಿ ಹಿಂದೆ, ಕಂಕುಳು, ತೊಡೆಸಂದು ನೋಡಿ. ಬಟ್ಟೆ ಬಿಸಿನೀರಿಗೆ ಹಾಕಿ. ಆಮೇಲೆ ಜ್ವರ ಬಂದರೆ ಕಷಾಯ ಕುಡಿಸಿ ಕಾಯುತ್ತ ಕೂರಬೇಡಿ, ಆಸ್ಪತ್ರೆಯಲ್ಲಿ ಬೆಟ್ಟಕ್ಕೆ ಹೋದ ವಿಷಯ ತಿಳಿಸಿ.

ಮೊಬೈಲಿನ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಬೆಳಿಗ್ಗೆ ಕೆಲಸ ಮಾಡಿದ ಮಗು ಮಧ್ಯಾಹ್ನದ ಸೆಕೆಯಲ್ಲಿ ಒಂದು ಗಂಟೆ ಎಲ್ಲರಿಗೂ ಕಾಣುವ ಜಾಗದಲ್ಲಿ ಮಲಗಿ ನೋಡಿದರೆ ನೋಡಲಿ.

ಮೇ ಎರಡನೇ ವಾರದ ಮೇಲೆ ಮಧ್ಯಾಹ್ನದ ಗುಡುಗು ಮಳೆ ಶುರುವಾಗುತ್ತದೆ. ಎರಡು ಗಂಟೆಗೇ ಮುಗಿಲು ನೋಡಿ ಚಾಪೆ ಒಳಗೆ ತನ್ನಿ. ಗುಡುಗು ಕೇಳಿದ ಮೇಲೆ "ಓಡಿ, ಹಪ್ಪಳ ತನ್ನಿ" ಅಂತ ಮಕ್ಕಳನ್ನು ಅಂಗಳಕ್ಕೆ ಕಳಿಸಬೇಡಿ, ಸಿಡಿಲು ಬಡಿಯುವುದು ಇದೇ ಮಳೆಯಲ್ಲಿ. ನೆನೆದದ್ದನ್ನು ಒರೆಸಿ, ಒಂದರ ಮೇಲೊಂದು ಬೀಳದಂತೆ ಫ್ಯಾನಿನ ಕೆಳಗೆ ಹರವಿ, ಮರುದಿನ ಬಿಸಿಲಿಗೆ ಹಾಕಿ. ಅವು ಮಳೆಗಾಲಕ್ಕೆ ಉಳಿಯುವುದಿಲ್ಲ, ಎರಡು ವಾರದೊಳಗೆ ಕರಿಯಬೇಕು. ಲೋಳೆ ಬಂದಿದ್ದರೆ, ಹುಳಿ ವಾಸನೆ ಹೊಡೆದರೆ ಗೊಬ್ಬರದ ಗುಂಡಿಗೆ.